ತಿಗಣೆ ಕಾಟಕ್ಕೆ ಎಂಟು ವಾರದ ಲೆಕ್ಕ

ತಿಗಣೆ ಕಣ್ಣಿಗೆ ಬಿದ್ದ ದಿನ ಹೆಚ್ಚಿನ ಮನೆಗಳಲ್ಲಿ ನಡೆಯುವುದು ಎರಡೇ ಕೆಲಸ. ಒಬ್ಬರು ಅಂಗಡಿಗೆ ಓಡಿ ಸ್ಪ್ರೇ ಡಬ್ಬಿ ತರುತ್ತಾರೆ, ಉಳಿದವರು ಚಾಪೆ ಎತ್ತಿಕೊಂಡು ಹಾಲಿಗೆ ಮಲಗಲು ಹೋಗುತ್ತಾರೆ. ಒಂದು ಮಂಚದಲ್ಲಿದ್ದ ತಿಗಣೆ ಇಡೀ ಮನೆಗೆ ಹರಡುವುದು ಬಹಳ ಸಲ ಹೀಗೇ. ಸ್ಪ್ರೇಗೆ ಸಾಯದೆ ಉಳಿದವು ಗೋಡೆಯ ಬಿರುಕಿಗೆ, ಸ್ವಿಚ್‌ಬೋರ್ಡಿನ ಹಿಂದಕ್ಕೆ, ಪಕ್ಕದ ಕೋಣೆಗೆ ಚದುರುತ್ತವೆ. ಹಸಿದವು ನಿಮ್ಮ ಉಸಿರಿನ ಜಾಡು, ಮೈಕಾವು ಹಿಡಿದು ಹಾಲಿಗೂ ಬರುತ್ತವೆ, ಅಲ್ಲಿ ಸೋಫಾದ ಅಡಿಯಲ್ಲಿ ಹೊಸ ಸಂಸಾರ ಹೂಡುತ್ತವೆ.

ಹಾಗಾಗಿ ಮೊದಲ ಮಾತು ಸ್ವಲ್ಪ ಕಹಿ: ಕೆಲಸ ಮುಗಿಯುವವರೆಗೂ ಅದೇ ಕೋಣೆಯಲ್ಲಿ, ಅದೇ ಮಂಚದ ಮೇಲೆ ಮಲಗಬೇಕು. ಕಚ್ಚಿಸಿಕೊಳ್ಳದೆ ಮಲಗುವುದು ಹೇಗೆ ಎಂಬುದು ಮುಂದೆ ಬರುತ್ತದೆ.

ಇನ್ನು ಎಂಟು ವಾರ ಯಾಕೆ ಅಂದರೆ, ಅದು ಮೊಟ್ಟೆಯ ಲೆಕ್ಕ. ಒಂದು ಹೆಣ್ಣು ತಿಗಣೆ ದಿನಕ್ಕೆ ಒಂದರಿಂದ ಐದು ಮೊಟ್ಟೆ ಇಡುತ್ತದೆ. ಮೊಟ್ಟೆ ಹೆಚ್ಚುಕಡಿಮೆ 1 ಮಿಲಿಮೀಟರ್ ಉದ್ದ, ಬಿಳಿ, ಅಂಟು ಹಾಕಿ ಕೂರಿಸಿದ ಹಾಗೆ ಮರಕ್ಕೋ ಬಟ್ಟೆಗೋ ಕಚ್ಚಿಕೊಂಡಿರುತ್ತದೆ. ನಮ್ಮ ಹವೆಯಲ್ಲಿ ಆರರಿಂದ ಹತ್ತು ದಿನಕ್ಕೆ ಒಡೆದು ಮರಿ ಹೊರಬರುತ್ತದೆ. ಮರಿ ಐದು ಸಲ ಪೊರೆ ಬಿಡಬೇಕು, ಪ್ರತಿ ಸಲಕ್ಕೂ ಒಂದು ಊಟ ರಕ್ತ ಬೇಕು. ಊಟ ಸರಿಯಾಗಿ ಸಿಕ್ಕರೆ ಒಂದರಿಂದ ಒಂದೂವರೆ ತಿಂಗಳಲ್ಲಿ ಅದೂ ಮೊಟ್ಟೆ ಇಡಲು ಶುರು. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಔಷಧಗಳು ಮೊಟ್ಟೆಯೊಳಗೆ ಇಳಿಯುವುದಿಲ್ಲ. ಇವತ್ತು ಎಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಹತ್ತು ದಿನದ ಮೇಲೆ ಹೊಸ ಮರಿಗಳು ಕಾಣಿಸುವುದು ಸಹಜ. "ಔಷಧ ಕೆಲಸ ಮಾಡಲಿಲ್ಲ" ಎಂದು ಜನ ಕೈಚೆಲ್ಲುವುದು ಸರಿಯಾಗಿ ಆಗಲೇ, ಎರಡನೇ ಸುತ್ತು ಮಾಡಬೇಕಾದ ದಿನವೂ ಅದೇ.

ಹೌದೋ ಅಲ್ಲವೋ

ಮೈಮೇಲಿನ ಗಂಧೆಯೊಂದನ್ನೇ ನಂಬಿ ಮಂಚ ಬಿಚ್ಚಬೇಡಿ. ಸಾಲಾಗಿ ಮೂರು ನಾಲ್ಕು ಕಡಿತ ಇದ್ದರೆ ತಿಗಣೆಯೇ ಅನ್ನುತ್ತಾರೆ, ಆದರೆ ಸೊಳ್ಳೆಯೂ ಹಾಗೆ ಕಚ್ಚಬಹುದು. ಬೆರಳ ಸಂದಿ, ಮಣಿಕಟ್ಟು, ಸೊಂಟದ ಸುತ್ತ ರಾತ್ರಿ ವಿಪರೀತ ತುರಿಕೆ, ಅದೂ ಮನೆಮಂದಿಗೆಲ್ಲ ಇದ್ದರೆ ಅದು ಕಜ್ಜಿಯೂ ಆಗಿರಬಹುದು. ಅದಕ್ಕೆ ಚರ್ಮದ ಡಾಕ್ಟರು ಬೇಕು, ಮಂಚದ ತಪ್ಪಿಲ್ಲ. ಮೇಲಾಗಿ ತಿಗಣೆ ಕಚ್ಚಿದರೆ ಎಲ್ಲರಿಗೂ ಗಂಧೆ ಏಳುವುದಿಲ್ಲ. ಒಂದೇ ಹಾಸಿಗೆಯಲ್ಲಿ ಮಲಗುವ ಗಂಡನಿಗೆ ಏನೂ ಆಗದೆ ಹೆಂಡತಿಗೆ ಮಾತ್ರ ಮೈಯೆಲ್ಲ ಕೆಂಪಾಗುವುದುಂಟು. "ನನಗೆ ಕಚ್ಚಿಲ್ಲವಲ್ಲ, ನಿನ್ನ ಭ್ರಮೆ" ಎಂಬ ಜಗಳ ಎಷ್ಟೋ ಮನೆಗಳಲ್ಲಿ ತಿಂಗಳುಗಟ್ಟಲೆ ನಡೆದು ತಿಗಣೆಗೆ ಸಮಯ ಕೊಡುತ್ತದೆ.

ಬೇಕಾದ ಸಾಕ್ಷಿ ಹಾಸಿಗೆಯಲ್ಲಿದೆ. ಮೊಬೈಲ್ ಟಾರ್ಚ್, ಹಳೆಯ ಎಟಿಎಂ ಕಾರ್ಡ್, ಒಂದು ರೋಲ್ ಪಾರದರ್ಶಕ ಟೇಪು, ಒದ್ದೆ ಮಾಡಿದ ಬಿಳಿ ಬಟ್ಟೆಯ ತುಂಡು ಹಿಡಿದುಕೊಳ್ಳಿ. ಹಾಸಿಗೆಯ ತಲೆಭಾಗದ ಮೂಲೆಯಿಂದ ಶುರು ಮಾಡಿ. ಅಂಚಿನ ಸುತ್ತ ಹಗ್ಗದ ಹಾಗೆ ಹೊಲಿದಿರುವ ಪಟ್ಟಿಯನ್ನು ಎರಡು ಹೆಬ್ಬೆರಳಿನಿಂದ ಅಗಲಿಸಿ, ಅದರ ಬುಡಕ್ಕೆ ಬೆಳಕು ಬಿಡಿ. ತಿಗಣೆ ಇದ್ದರೆ ಹೊಲಿಗೆಯ ಗುಂಟ ಇಂಕ್ ಪೆನ್ನಿನ ತುದಿ ಮುಟ್ಟಿಸಿದಂಥ ಕಪ್ಪು ಚುಕ್ಕೆಗಳು ಗುಂಪುಗುಂಪಾಗಿ ಕಾಣುತ್ತವೆ. ಅದು ಅವುಗಳ ಹಿಕ್ಕೆ, ಅಂದರೆ ಅರಗಿದ ರಕ್ತ. ಒದ್ದೆ ಬಟ್ಟೆ ಒತ್ತಿದರೆ ಕಂದುಕೆಂಪಾಗಿ ಹರಡುತ್ತದೆ. ಧೂಳೋ ಬೂಷ್ಟೋ ಆಗಿದ್ದರೆ ಹಾಗೆ ಹರಡುವುದಿಲ್ಲ. ಅದರ ಪಕ್ಕದಲ್ಲೇ ಒಣಗಿದ ಈರುಳ್ಳಿ ಸಿಪ್ಪೆಯ ಬಣ್ಣದ, ತಿಗಣೆಯದೇ ಆಕಾರದ ಟೊಳ್ಳು ಪೊರೆಗಳು ಸಿಗಬಹುದು. ಎಟಿಎಂ ಕಾರ್ಡನ್ನು ಸಂದಿನಲ್ಲಿ ತೂರಿಸಿ ಮೆಲ್ಲಗೆ ಎಳೆದರೆ ಜೀವಂತ ತಿಗಣೆ ಹೊರಬೀಳುತ್ತದೆ. ಬಲಿತದ್ದು 5ರಿಂದ 7 ಮಿಲಿಮೀಟರ್, ಚಪ್ಪಟೆ, ಕಂದುಕೆಂಪು. ಊಟ ಮಾಡಿದ್ದರೆ ಉಬ್ಬಿ ಉದ್ದವಾಗಿರುತ್ತದೆ. ಈಗಷ್ಟೇ ಹುಟ್ಟಿದ ಮರಿ ಸಾಸಿವೆಗಿಂತ ಸಣ್ಣದು, ಬಣ್ಣವೇ ಇಲ್ಲದಷ್ಟು ತಿಳಿ. ರಕ್ತ ಕುಡಿದಿದ್ದರೆ ಮಾತ್ರ ಕೆಂಪು ಚುಕ್ಕೆಯಾಗಿ ಎದ್ದು ಕಾಣುತ್ತದೆ. ಸಿಕ್ಕಿದ್ದನ್ನು ಟೇಪಿಗೆ ಅಂಟಿಸಿ, ಬಿಳಿ ಹಾಳೆಯ ಮೇಲೆ ಒತ್ತಿ, ತಾರೀಖು ಮತ್ತು ಸಿಕ್ಕ ಜಾಗ ಬರೆದಿಡಿ. ಬಾಡಿಗೆ ಮನೆಯ ಮಾಲೀಕರಿಗಾಗಲಿ ಪೆಸ್ಟ್ ಕಂಟ್ರೋಲ್‌ನವರಿಗಾಗಲಿ ತೋರಿಸಲು ಇದಕ್ಕಿಂತ ಒಳ್ಳೆಯ ದಾಖಲೆ ಇಲ್ಲ.

ಹಾಸಿಗೆ ಮುಗಿದ ಮೇಲೆ ಮಂಚದ ತಲೆಹಲಗೆಯ ಹಿಂಭಾಗ, ಅಡ್ಡಪಟ್ಟಿ ಕೂರುವ ಕಚ್ಚು, ಸ್ಕ್ರೂ ತೂತು, ಪ್ಲೈವುಡ್ಡಿನ ಕತ್ತರಿಸಿದ ಅಂಚು. ಆಮೇಲೆ ಮಂಚದಿಂದ ಒಂದೆರಡು ಮಾರು ದೂರದೊಳಗಿನ ಗೋಡೆ: ಮೊಳೆ ತೂತು, ಕ್ಯಾಲೆಂಡರಿನ ಹಿಂಬದಿ, ದೇವರ ಫೋಟೋದ ಚೌಕಟ್ಟು, ಕಿಟಕಿ ಕರ್ಟನ್ನಿನ ಮೇಲ್ಮಡಿಕೆ. ಹೆಚ್ಚಾಗಿ ಇದ್ದರೆ ಕೋಣೆಗೆ ಒಂದು ವಾಸನೆಯೂ ಇರುತ್ತದೆ, ಹಸಿ ಕೊತ್ತಂಬರಿ ಸೊಪ್ಪು ಜಜ್ಜಿ ಬಿಟ್ಟಂಥದ್ದು. ಎರಡರಲ್ಲೂ ಒಂದೇ ಜಾತಿಯ ರಾಸಾಯನಿಕಗಳಿರುವುದರಿಂದ ಮೂಗು ಮೋಸ ಮಾಡುತ್ತಿಲ್ಲ.

ಮೊದಲು ಮಾಡಬಾರದ್ದು

ಕಾಳಿಗೆ ಹಾಕುವ ಗುಳಿಗೆಯನ್ನು ಮಂಚದ ಕೆಳಗೆ ಇಡಬೇಡಿ. ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಗಾಳಿಯ ತೇವಕ್ಕೆ ಫಾಸ್ಫೀನ್ ಅನಿಲ ಬಿಡುತ್ತದೆ. ಅದು ಬಾಗಿಲ ಸಂದು, ಗೋಡೆಯ ಬಿರುಕು, ಪೈಪ್ ಹಾದುಹೋಗುವ ತೂತಿನ ಮೂಲಕ ಪಕ್ಕದ ಮನೆಗೂ ನುಗ್ಗುತ್ತದೆ. ಅದಕ್ಕೆ ಪ್ರತಿವಿಷವೇ ಇಲ್ಲ. ತಿಗಣೆಗೆಂದು ಮನೆಯೊಳಗೆ ಇಟ್ಟ ಗುಳಿಗೆಯಿಂದ, ಹೊಡೆದ ವಿಷದಿಂದ ಮಲಗಿದ್ದ ಮಕ್ಕಳು, ಪಿಜಿ ಹುಡುಗರು ಸತ್ತ ಸುದ್ದಿ ಬೆಂಗಳೂರಿನಿಂದಲೂ ಬಂದಿದೆ. ಈ ಮಾತ್ರೆ ಸಾರ್ವಜನಿಕರಿಗೆ ಮಾರುವ ವಸ್ತುವೇ ಅಲ್ಲ. ಯಾರಾದರೂ "ಸುಲಭ, ಎರಡು ಗುಳಿಗೆ ಸಾಕು" ಎಂದು ಕೈಗಿಟ್ಟರೆ ವಾಪಸ್ ಕೊಡಿ. ಕೋಣೆಯಲ್ಲಿ ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನಂಥ ವಾಸನೆ ಬಂದು, ಎದೆ ಬಿಗಿತ, ವಾಂತಿ ಶುರುವಾದರೆ ಕಿಟಕಿ ತೆಗೆಯುತ್ತಾ ನಿಲ್ಲಬೇಡಿ. ಎಲ್ಲರೂ ಹೊರಗೆ ಬಂದು 108ಕ್ಕೆ ಕರೆ ಮಾಡಿ, ಪಕ್ಕದ ಮನೆಯವರನ್ನೂ ಎಬ್ಬಿಸಿ.

ಡೈಕ್ಲೋರ್ವಾಸ್, ಅಂದರೆ ಜನ ನುವಾನ್ ಎಂದು ಕರೆಯುತ್ತಿದ್ದ ಔಷಧ, 2020ರ ಡಿಸೆಂಬರ್ 31ರಿಂದ ನಮ್ಮ ದೇಶದಲ್ಲಿ ನಿಷೇಧ. ಹಳೆ ಬಾಟಲಿ ಮನೆಯಲ್ಲಿದ್ದರೂ ಬಳಸಬೇಡಿ. ಗೊಬ್ಬರದಂಗಡಿಯ ಬೆಳೆ ಔಷಧ ಯಾವುದೂ ಮಲಗುವ ಕೋಣೆಗೆ ಅಲ್ಲ. ಸೀಮೆಎಣ್ಣೆ, ಪೆಟ್ರೋಲ್, ಸ್ಪಿರಿಟ್ ಸುರಿಯುವುದು ತಿಗಣೆಗಿಂತ ಮೊದಲು ಮನೆಗೆ ಅಪಾಯ. ಬೇವಿನ ಸೊಪ್ಪು, ಕರ್ಪೂರ, ನುಸಿಗುಳಿಗೆಗಳಿಂದ ಕೋಣೆಯ ವಾಸನೆ ಬದಲಾಗುತ್ತದೆ, ತಿಗಣೆಯ ಸಂಖ್ಯೆ ಬದಲಾಗುವುದಿಲ್ಲ. ಜಿರಳೆಗೆ ಇಡುವ ಜೆಲ್, ಬೋರಿಕ್ ಪುಡಿ ಇವೂ ದಂಡ: ಅವು ತಿಂದರೆ ಸಾಯಿಸುವ ವಸ್ತುಗಳು, ತಿಗಣೆ ರಕ್ತ ಬಿಟ್ಟು ಬೇರೇನೂ ಮುಟ್ಟುವುದಿಲ್ಲ.

ಮೊದಲ ದಿನ: ಬಟ್ಟೆ

ಬೆಳಿಗ್ಗೆಯೇ ಶುರು ಮಾಡಿದರೆ ಒಂದು ಕೋಣೆಗೆ ಒಂದು ದಿನ ಹಿಡಿಯುತ್ತದೆ. ತಂದಿಡಬೇಕಾದದ್ದು: ಹನ್ನೆರಡು ದಪ್ಪ ಕಸದ ಚೀಲ, ಅಗಲ ಟೇಪು, ಸ್ಕ್ರೂಡ್ರೈವರ್ ಮತ್ತು ಎಲ್ ಆಕಾರದ ಅಲೆನ್ ಕೀ, ಹಳೆ ಟೂತ್ ಬ್ರಷ್, ಎರಡು ಪ್ಯಾಕ್ ಎಂ-ಸೀಲ್, ಒಂದು ಕಿಲೋ ವೈಟ್ ಸಿಮೆಂಟ್, ನಾಲ್ಕು ಅಗಲ ಬಟ್ಟಲು, ನಾಲ್ಕು ಸ್ಟೀಲ್ ಲೋಟ, ಸಾಧ್ಯವಾದರೆ ಸಣ್ಣ ಮೂತಿಯ ವ್ಯಾಕ್ಯೂಮ್ ಕ್ಲೀನರ್.

ಬಟ್ಟೆಗಳನ್ನು ಕೋಣೆಯೊಳಗೇ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಆಮೇಲೆ ಹೊರಗೆ ತನ್ನಿ. ತೋಳಿನ ಮೇಲೆ ಹೇರಿಕೊಂಡು ಬಚ್ಚಲಿಗೆ ಹೋದರೆ ದಾರಿಯುದ್ದಕ್ಕೂ ಬಿತ್ತನೆ ಮಾಡಿದ ಹಾಗೆ. ಚಾದರ, ದಿಂಬಿನ ಕವರ್, ಹತ್ತಿ ಬಟ್ಟೆಗಳಿಗೆ 60 ಡಿಗ್ರಿ ಸೆಲ್ಸಿಯಸ್ ಬಿಸಿನೀರು, ಅರ್ಧ ಗಂಟೆ. ವಾಷಿಂಗ್ ಮೆಷಿನ್ನಿನಲ್ಲಿ ಬಿಸಿನೀರಿನ ಸೌಲಭ್ಯ ಇಲ್ಲದಿದ್ದರೆ ತಣ್ಣೀರಿನಲ್ಲಿ ತಿರುಗಿಸಿ ನಂಬಿ ಕೂರಬೇಡಿ. ಹಂಡೆಯಲ್ಲೋ ದೊಡ್ಡ ಪಾತ್ರೆಯಲ್ಲೋ ಕುದಿಸಿದ ನೀರು ಬಕೆಟ್ಟಿಗೆ ಸುರಿದು, ಬಟ್ಟೆ ಪೂರ್ತಿ ಮುಳುಗಿಸಿ, ಮುಚ್ಚಿಡಿ. ಗೀಸರ್ ನೀರು ಬಕೆಟ್ಟಿಗೆ ಬಿದ್ದು ಬಟ್ಟೆ ಸೇರುವಷ್ಟರಲ್ಲಿ ಬಹಳ ಸಲ 50ಕ್ಕೆ ಇಳಿದಿರುತ್ತದೆ, ಹಾಗಾಗಿ ಅದಕ್ಕೆ ಕುದಿನೀರು ಬೆರೆಸಬೇಕು. ಕೌದಿಯಂಥ ದಪ್ಪ ಹೊದಿಕೆಯ ನಡುಪದರಕ್ಕೆ ಬಿಸಿ ಇಳಿಯಲು ಹೊತ್ತು ಬೇಕು. ಅದನ್ನು ಮಡಿಸದೆ ಅದ್ದಿ, ನೀರು ಆರಿದರೆ ಇನ್ನೊಂದು ಸಲ ಕುದಿನೀರು ಹಾಕಿ.

ರೇಷ್ಮೆ ಸೀರೆ, ಉಣ್ಣೆ, ಪುಸ್ತಕ, ಚರ್ಮದ ಚೀಲಗಳಿಗೆ ಬಿಸಿನೀರು ಆಗದು. ಇವಕ್ಕೆ ಫ್ರೀಜರ್ ದಾರಿ: ಗಾಳಿ ಹಿಂಡಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ, ಮೈನಸ್ 18 ಡಿಗ್ರಿಯಲ್ಲಿ, ಪೂರಾ ನಾಲ್ಕು ದಿನ. ಒಂಟಿ ಬಾಗಿಲ ಫ್ರಿಜ್ಜಿನ ಮೇಲಿನ ಐಸ್ ಪೆಟ್ಟಿಗೆ ಆ ತಣ್ಣಗೆ ತಲುಪುವುದು ಅಪರೂಪ, ಥರ್ಮಾಮೀಟರ್ ಇಟ್ಟು ನೋಡಿ. ಹೊರಗೆ ತೆಗೆದ ಮೇಲೆ ಚೀಲ ಬಿಚ್ಚದೆ ಕೋಣೆಯ ಬಿಸಿಗೆ ಬರಲು ಬಿಡಿ, ಇಲ್ಲವಾದರೆ ಸೀರೆಯ ಮೇಲೆ ನೀರು ಕೂತು ಜರಿ ಹಾಳಾಗುತ್ತದೆ.

ಬಿಸಿಲಿನ ಬಗ್ಗೆ ಒಂದು ಮಾತು, ಯಾಕೆಂದರೆ ಎಲ್ಲರೂ ಹೇಳುವ ಉಪಾಯ ಅದೇ. ಬಲಿತ ತಿಗಣೆ ಸಾಯಲು 45 ಡಿಗ್ರಿಯಲ್ಲಿ ಒಂದೂವರೆ ಗಂಟೆ ಬೇಕು. ಮೊಟ್ಟೆ ಇನ್ನೂ ಗಟ್ಟಿ, ಅದಕ್ಕೆ 48 ಡಿಗ್ರಿಯಲ್ಲಿ ಅಷ್ಟೇ ಹೊತ್ತು. 50 ದಾಟಿದರೆ ಎರಡೂ ಬೇಗ ಮುಗಿಯುತ್ತವೆ. ಹಾಸಿಗೆಯನ್ನು ತಾರಸಿಯಲ್ಲಿ ಹರಡಿದರೆ ಮೇಲ್ಮೈ ಮುಟ್ಟಲಾರದಷ್ಟು ಸುಡುತ್ತದೆ, ಆದರೆ ತಿಗಣೆ ಮೆಲ್ಲಗೆ ಅಡಿಭಾಗದ ನೆರಳಿಗೆ ಸರಿಯುತ್ತದೆ, ಸಂಜೆ ಹಾಸಿಗೆಯ ಜೊತೆಗೇ ಒಳಗೆ ಬರುತ್ತದೆ. ಬಿಸಿಲು ಕೆಲಸ ಮಾಡುವುದು ಸಣ್ಣ ಸಾಮಾನಿಗೆ. ಚಪ್ಪಲಿ, ಬೊಂಬೆ, ಬ್ಯಾಗುಗಳನ್ನು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ತೆಳ್ಳಗೆ ಹರಡಿ, ಬಾಯಿ ಕಟ್ಟಿ, ಕಾಂಕ್ರೀಟ್ ತಾರಸಿಯ ಮೇಲೆ ಇಡಿ. ಚೀಲದ ನಡುವೆ ಒಂದು ಥರ್ಮಾಮೀಟರ್ ಇರಲಿ. ಅದು 50 ತೋರಿಸಿದ ಮೇಲೆ ಎರಡು ಗಂಟೆ ಲೆಕ್ಕ ಹಾಕಿ. ಏಪ್ರಿಲ್ ತಿಂಗಳ ಕಲಬುರಗಿ, ರಾಯಚೂರಿನಲ್ಲಿ ಇದು ಸುಲಭ. ಜುಲೈನ ಮಡಿಕೇರಿಯಲ್ಲಿ ಮರೆತುಬಿಡಿ.

ಹಾಸಿಗೆ, ಮಂಚ

ಹಾಸಿಗೆಯನ್ನು ಗೋಡೆಗೆ ಒರಗಿಸಿ, ಪ್ರತಿ ಹೊಲಿಗೆ, ಪ್ರತಿ ಗುಂಡಿಯ ಬುಡ ಬ್ರಷ್ಷಿನಿಂದ ಕೆದಕುತ್ತಾ ವ್ಯಾಕ್ಯೂಮ್ ಮಾಡಿ. ಮೊಟ್ಟೆ ಅಂಟಿಕೊಂಡಿರುವುದರಿಂದ ಬರೀ ಎಳೆತಕ್ಕೆ ಬರುವುದಿಲ್ಲ, ಕೆದಕಲೇಬೇಕು. ಮೂತಿಯ ಒಳಗೆ ತೆಳು ನೈಲಾನ್ ಕಾಲುಚೀಲ ತೂರಿಸಿ, ಅಂಚನ್ನು ಹೊರಗೆ ಮಡಿಚಿ ರಬ್ಬರ್ ಬ್ಯಾಂಡ್ ಹಾಕಿದರೆ ಹೀರಿದ್ದೆಲ್ಲ ಅದರೊಳಗೇ ಉಳಿಯುತ್ತದೆ. ಮುಗಿದ ಕೂಡಲೇ ಗಂಟು ಹಾಕಿ ಕುದಿನೀರಿಗೆ ಬಿಸಾಡಿ. ಮಷೀನಿನ ಚೀಲದಲ್ಲಿ ಬಿಟ್ಟರೆ ತಿಗಣೆ ಅಲ್ಲಿಂದ ಆರಾಮಾಗಿ ಎದ್ದು ಬರುತ್ತದೆ.

ಸ್ಟೀಮರ್ ಇದ್ದರೆ ಆಮೇಲೆ ಅದು. ಹೊಲಿಗೆಯ ಗುಂಟ ತೀರಾ ನಿಧಾನಕ್ಕೆ, ಒಂದು ಅಡಿ ದಾಟಲು ಹತ್ತರಿಂದ ಹದಿನೈದು ಸೆಕೆಂಡ್ ಹಿಡಿಯುವಂತೆ ಎಳೆಯಿರಿ. ಹಾಯಿಸಿದ ಕೂಡಲೇ ಬಟ್ಟೆಯ ಮೇಲೆ 70ರಿಂದ 80 ಡಿಗ್ರಿ ಇರಬೇಕು. ಉಗಿ ರಭಸವಾಗಿ ಚಿಮ್ಮಿದರೆ ತಿಗಣೆ ಸಾಯುವ ಮೊದಲೇ ಹಾರಿ ಹೋಗುತ್ತದೆ, ಹಾಗಾಗಿ ಮೂತಿಗೆ ಹತ್ತಿ ಬಟ್ಟೆ ಸುತ್ತಿ. ಹತ್ತಿ ಹಾಸಿಗೆ ಮತ್ತು ತೆಂಗಿನ ನಾರಿನ ಹಾಸಿಗೆ ಒಳಗೆ ತೇವ ಹಿಡಿದರೆ ಬೂಷ್ಟು ಬರುತ್ತದೆ, ಪೂರ್ತಿ ಒಣಗುವವರೆಗೆ ಫ್ಯಾನ್ ಕೆಳಗೆ ನಿಲ್ಲಿಸಿಡಿ.

ಒಣಗಿದ ಹಾಸಿಗೆಗೆ ಆರೂ ಕಡೆ ಮುಚ್ಚುವ ಜಿಪ್ ಕವರ್ ಹಾಕಿ. ಒಳಗೆ ಉಳಿದದ್ದು ಕಚ್ಚಲಾರದೆ ಅಲ್ಲೇ ಸಾಯುತ್ತದೆ, ಹೊರಗಿನದಕ್ಕೆ ಹೊಲಿಗೆಯ ಮರೆ ಸಿಗುವುದಿಲ್ಲ. ಹಸಿದ ತಿಗಣೆ ತಿಂಗಳುಗಟ್ಟಲೆ ಬದುಕಬಲ್ಲದು, ಆದ್ದರಿಂದ ಈ ಕವರ್ ಒಂದು ವರ್ಷ ಬಿಚ್ಚಬಾರದು. ಜಿಪ್ಪಿನ ತುದಿಯಲ್ಲಿ ಬಿಟ್ಟಿರುವ ಸಣ್ಣ ಸಂದಿಗೆ ಟೇಪು ಸುತ್ತಿ. ಅಗ್ಗದ ಕವರುಗಳು ಸೋಲುವುದು ಅಲ್ಲೇ. ಹತ್ತಿ ಹಾಸಿಗೆ ಹಳೆಯದಾಗಿ ಹೊಲಿಗೆ ಬಿಟ್ಟಿದ್ದರೆ ಅದರ ಮೇಲೆ ಶ್ರಮ ಹಾಕಬೇಡಿ, ಬಿಸಾಡಿ. ಬಿಸಾಡುವ ಮುನ್ನ ಚಾಕುವಿನಿಂದ ಸೀಳಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೇಲೆ ದೊಡ್ಡದಾಗಿ "ತಿಗಣೆ ಇದೆ" ಎಂದು ಬರೆಯಿರಿ. ಇಲ್ಲವಾದರೆ ಸಂಜೆಯೊಳಗೆ ಅದು ಇನ್ನೊಬ್ಬ ಬಡವರ ಮನೆ ಸೇರುತ್ತದೆ.

ಮಂಚವನ್ನು ಒರೆಸಿದರೆ ಸಾಲದು, ಬಿಚ್ಚಬೇಕು. ಒಳಗೆ ಸಾಮಾನು ತುಂಬುವ ದಿವಾನ್ ಮಂಚಗಳು ತಿಗಣೆಗೆ ಹೇಳಿಮಾಡಿಸಿದ ಅರಮನೆ: ಕತ್ತಲು, ಹಳೆ ಬಟ್ಟೆ, ನೂರಾರು ಸಂದು, ಮೇಲೆ ಮಲಗಿರುವ ಊಟ. ಒಳಗಿನದನ್ನೆಲ್ಲ ಚೀಲಕ್ಕೆ ಹಾಕಿ, ಹಲಗೆ ಒಂದೊಂದಾಗಿ ಬಿಚ್ಚಿ, ಸ್ಕ್ರೂ ತೂತುಗಳಿಗೆ ಟಾರ್ಚ್ ಬಿಟ್ಟು ನೋಡಿ.

ಗಟ್ಟಿ ಮರದ ಮಂಚಕ್ಕೆ ಹಳೆ ಕಾಲದ ಕುದಿನೀರೇ ಒಳ್ಳೆಯದು. ಅಂಗಳದಲ್ಲೋ ತಾರಸಿಯಲ್ಲೋ ಇಟ್ಟು, ಕೆಟಲ್ ಮೂತಿಯನ್ನು ಕೀಲಿಗೆ ತಾಗುವಷ್ಟು ಹತ್ತಿರ ಹಿಡಿದು, ಪ್ರತಿ ಕೀಲಿಗೆ ಒಂದು ಲೀಟರಿನಂತೆ ನಿಧಾನಕ್ಕೆ ಸುರಿಯಿರಿ. ಒಂದು ಮಂಚಕ್ಕೆ ಇಪ್ಪತ್ತು ಲೀಟರ್ ಬೇಕಾಗುತ್ತದೆ. ಎತ್ತರದಿಂದ ಸುರಿದರೆ ನೀರು ಗಾಳಿಯಲ್ಲೇ ಆರುತ್ತದೆ, ಚರ್ಮ ಸುಡುವ ಅಪಾಯ ಬೇರೆ. ಹಾಸ್ಟೆಲ್, ಪಿಜಿಗಳ ಕಬ್ಬಿಣದ ಮಂಚದಲ್ಲಿ ತಿಗಣೆ ಇರುವುದು ಟೊಳ್ಳು ಪೈಪಿನೊಳಗೆ. ತುದಿಯ ಪ್ಲಾಸ್ಟಿಕ್ ಮುಚ್ಚಳ ಕಿತ್ತು, ಒಂದು ಕಡೆಯಿಂದ ಕುದಿನೀರು ಸುರಿದು, ಇನ್ನೊಂದು ತುದಿಯ ಪೈಪು ಮುಟ್ಟಲಾರದಷ್ಟು ಬಿಸಿಯಾಗುವವರೆಗೂ ನಿಲ್ಲಿಸಬೇಡಿ. ಒಣಗಿದ ಮೇಲೆ ತುದಿಗಳಿಗೆ ಎಂ-ಸೀಲ್ ತುಂಬಿ.

ಪ್ಲೈವುಡ್ಡಿಗೆ, ಮರದ ಪುಡಿ ಒತ್ತಿ ಮಾಡಿದ ಹಲಗೆಗೆ ಕುದಿನೀರು ಹಾಕಿದರೆ ಉಬ್ಬಿ ಪದರ ಬಿಡುತ್ತದೆ, ಮಂಚವೇ ಕೈಬಿಟ್ಟು ಹೋಗುತ್ತದೆ. ಇವಕ್ಕೆ ಕೆದಕುವುದು, ವ್ಯಾಕ್ಯೂಮ್, ಅಂಚಿಗೆ ಕ್ಷಣಕಾಲ ಸ್ಟೀಮ್, ಆಮೇಲೆ ಕತ್ತರಿಸಿದ ಅಂಚಿಗೆಲ್ಲ ಫೆವಿಕಾಲ್ ಅಥವಾ ವಾರ್ನಿಷ್ ಬಳಿದು ಮುಚ್ಚುವುದು.

ಗೋಡೆ ಮತ್ತು ಪುಡಿ

ಬಿರುಕು, ಮೊಳೆ ತೂತು, ಬಾಗಿಲ ಚೌಕಟ್ಟು ಗೋಡೆಗೆ ಸೇರುವ ಗೆರೆ, ನೆಲದ ಟೈಲ್ಸ್ ಪಟ್ಟಿಯ ಮೇಲಂಚು ಇವನ್ನು ವ್ಯಾಕ್ಯೂಮ್ ಮಾಡಿ ವೈಟ್ ಸಿಮೆಂಟಿನಿಂದ ಮುಚ್ಚಿ. ಎಟಿಎಂ ಕಾರ್ಡ್ ದಪ್ಪದ ಸಂದು ಇದ್ದರೂ ತಿಗಣೆಗೆ ಅದು ಮನೆ. ಸ್ವಿಚ್‌ಬೋರ್ಡಿಗೆ ನೀರು, ಸ್ಟೀಮ್, ಸ್ಪ್ರೇ ಯಾವುದೂ ಬೇಡ. ಮೇನ್ ಆಫ್ ಮಾಡಿ, ಮುಚ್ಚಳ ಬಿಚ್ಚಿ, ಒಣ ಪುಡಿ ಮಾತ್ರ.

ಆ ಪುಡಿ ಯಾವುದೆಂದರೆ ಡಯಾಟಮೇಶಿಯಸ್ ಅರ್ಥ್, ಡಿ.ಇ. ಎಂದು ಮಾರುತ್ತಾರೆ. ಸೂಕ್ಷ್ಮ ಜಲಜೀವಿಗಳ ಚಿಪ್ಪಿನಿಂದಾದ ಇದು ತಿಗಣೆಯ ಮೈಮೇಲಿನ ಮೇಣದ ಪದರ ಹೀರಿ, ನೀರಿನಂಶ ಆರಿಸಿ ಕೊಲ್ಲುತ್ತದೆ. ವಿಷವಲ್ಲದ ಕಾರಣ ಇದಕ್ಕೆ ತಿಗಣೆ ಒಗ್ಗಿಕೊಳ್ಳುವುದು ಕಷ್ಟ. ಒಂದು ಕೋಣೆಗೆ 100ರಿಂದ 200 ಗ್ರಾಂ ಧಾರಾಳ. ಮೇಕಪ್ ಬ್ರಷ್ಷಿನಿಂದ ಸಂದುಗಳೊಳಗೆ, ಮಂಚದ ಕೀಲಿನೊಳಗೆ ಕಂಡೂ ಕಾಣದಷ್ಟು ತೆಳ್ಳಗೆ ಬಳಿಯಿರಿ. ರಂಗೋಲಿಯಂತೆ ಗುಡ್ಡೆ ಸುರಿದರೆ ತಿಗಣೆ ಸುತ್ತಿಕೊಂಡು ಹೋಗುತ್ತದೆ. ಹಾಕುವಾಗ ಮಾಸ್ಕ್ ಇರಲಿ, ಹಾಸಿಗೆಯ ಮೇಲೆ, ಫ್ಯಾನಿನ ಗಾಳಿಗೆ ಹಾರುವ ಜಾಗದಲ್ಲಿ ಬೇಡ. ಈಜುಕೊಳ ಸೋಸಲು ಬಳಸುವ ದರ್ಜೆಯ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು, ಅದನ್ನು ಕೊಳ್ಳಬೇಡಿ. ಫಲ ಕಾಣಲು ಒಂದೆರಡು ವಾರ ಬೇಕು. ನಮ್ಮ ಮನೆಗಳಲ್ಲಿ ಇದು ಸೋಲುವುದಕ್ಕೆ ಎರಡು ಕಾರಣ: ದಿನಾ ನೆಲ ಒರೆಸುವ ಅಭ್ಯಾಸ, ಮತ್ತು ಕರಾವಳಿಯ ತೇವದ ಗಾಳಿ. ಒದ್ದೆಯಾದ ಪುಡಿ ಬರೀ ಮಣ್ಣು. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಇದರ ಮೇಲೆ ಭಾರ ಹಾಕದೆ ಬಿಸಿಯನ್ನೇ ನೆಚ್ಚಿಕೊಳ್ಳಿ.

ಮಂಚವನ್ನು ದ್ವೀಪ ಮಾಡುವುದು

ಲಕ್ಷ್ಮಿ ತಾವರೆಯಲ್ಲಿ, ಶಿವ ಹಿಮಾಲಯದಲ್ಲಿ, ವಿಷ್ಣು ಹಾಲುಗಡಲಲ್ಲಿ ಮಲಗುವುದು ತಿಗಣೆಯ ಭಯದಿಂದಲೇ ಇರಬೇಕು ಎಂದು ಹಳೆಯ ಸಂಸ್ಕೃತ ಸುಭಾಷಿತವೊಂದು ತಮಾಷೆ ಮಾಡುತ್ತದೆ. ಹಿಮಾಲಯದ ಉಪಾಯ ಫ್ರೀಜರಿನಲ್ಲಿ ಬಂತು. ಕಡಲಿನ ಉಪಾಯ ಇದು.

ಮಂಚವನ್ನು ಗೋಡೆಯಿಂದ ಅರ್ಧ ಅಡಿ ದೂರ ಎಳೆಯಿರಿ. ಚಾದರ, ಸೊಳ್ಳೆಪರದೆ ನೆಲಕ್ಕೆ ತಾಗಬಾರದು. ಮೊಬೈಲ್ ಚಾರ್ಜರಿನ ವಯರ್ ಗೋಡೆಯಿಂದ ಹಾಸಿಗೆಗೆ ಸೇತುವೆ, ಅದನ್ನೂ ತೆಗೆಯಿರಿ. ಪ್ರತಿ ಕಾಲಿನ ಕೆಳಗೆ ಅಗಲ ಬಟ್ಟಲು, ಅದರ ನಡುವೆ ಸ್ಟೀಲ್ ಲೋಟ, ಲೋಟದೊಳಗೆ ಮಂಚದ ಕಾಲು. ಬಟ್ಟಲಿಗೆ ಎರಡು ಬೆರಳು ನೀರು, ಅದಕ್ಕೆ ಅರ್ಧ ಚಮಚ ಪಾತ್ರೆ ತೊಳೆಯುವ ಸೋಪಿನ ದ್ರವ. ಲೋಟ ಇಡುವುದರಿಂದ ಮರದ ಕಾಲು ನೀರಿನಲ್ಲಿ ನೆನೆದು ಕೊಳೆಯುವುದಿಲ್ಲ.

ಹೊರದೇಶದ ಸಲಹೆಗಳಲ್ಲಿ ಒಣ ಪ್ಲಾಸ್ಟಿಕ್ ಬಟ್ಟಲು ಸಾಕು, ನುಣುಪು ಗೋಡೆ ಹತ್ತಲಾರದು ಎಂದಿರುತ್ತದೆ. ಅದು ತಣ್ಣನೆ ದೇಶಗಳ ತಿಗಣೆಗೆ ಸರಿ. ನಮ್ಮಂಥ ಬಿಸಿ ಸೀಮೆಯಲ್ಲಿ ಹೆಚ್ಚಾಗಿ ಕಾಣುವುದು ಸೈಮೆಕ್ಸ್ ಹೆಮಿಪ್ಟೆರಸ್ ಎಂಬ ಇನ್ನೊಂದು ಜಾತಿ. ಅದರ ಕಾಲಿನ ತುದಿಯಲ್ಲಿ ಅಂಟುರೋಮಗಳು ಹೆಚ್ಚು, ನುಣುಪಾದ ಪ್ಲಾಸ್ಟಿಕ್ಕನ್ನೂ ಹತ್ತಿಬಿಡುತ್ತದೆ. ಆದ್ದರಿಂದ ಇಲ್ಲಿ ಸೋಪು ನೀರು ಬೇಕೇ ಬೇಕು. ವಾರಕ್ಕೆ ಎರಡು ಸಲ ನೀರು ಬದಲಿಸಿ, ಇಲ್ಲವಾದರೆ ತಿಗಣೆಗೆ ತೋಡಿದ ಕಂದಕದಲ್ಲಿ ಡೆಂಗಿ ಸೊಳ್ಳೆ ಮರಿ ಮಾಡುತ್ತದೆ. ಬದಲಿಸುವಾಗ ಬಿದ್ದಿರುವ ತಿಗಣೆಗಳನ್ನು ಎಣಿಸಿ ಬರೆದಿಡಿ. ಕೆಲಸ ಎಲ್ಲಿಗೆ ಬಂತೆಂದು ಹೇಳುವ ಲೆಕ್ಕ ಅದೇ.

ಔಷಧದವರನ್ನು ಕರೆಸುವುದಾದರೆ

ಎರಡಕ್ಕಿಂತ ಹೆಚ್ಚು ಕೋಣೆಗೆ ಹರಡಿದ್ದರೆ, ಅಥವಾ ಪಿಜಿ, ಅಪಾರ್ಟ್‌ಮೆಂಟ್ ಆಗಿದ್ದರೆ ಕರೆಸುವುದೇ ಸರಿ. ಅಂಗಡಿ ಸ್ಪ್ರೇಗಳಲ್ಲಿರುವುದು ಬಹುತೇಕ ಪೈರೆಥ್ರಾಯ್ಡ್ ಗುಂಪಿನ ವಿಷ. ಅದಕ್ಕೆ ಒಗ್ಗಿಹೋದ ತಿಗಣೆ ಲೋಕದ ಎಲ್ಲ ಕಡೆ ಇದೆ. ಇದು ಹೊಸದೇನಲ್ಲ. ಡಿಡಿಟಿ ಬಂದ ಕೆಲವೇ ವರ್ಷಕ್ಕೆ, 1947ರಲ್ಲೇ, ಹವಾಯಿಯ ಪರ್ಲ್ ಹಾರ್ಬರಿನ ನೌಕಾ ಬ್ಯಾರಕ್ಕುಗಳಲ್ಲಿ ಅದಕ್ಕೆ ಸಾಯದ ತಿಗಣೆ ಸಿಕ್ಕಿತ್ತು.

ಬರುವವರಿಗೆ ಕೇಳಬೇಕಾದ್ದು ಇಷ್ಟು. ಕೀಟನಾಶಕ ಕಾಯ್ದೆಯಡಿ ಪೆಸ್ಟ್ ಕಂಟ್ರೋಲ್ ಲೈಸೆನ್ಸ್ ಇದೆಯೇ? ಯಾವ ಔಷಧ, ಎಷ್ಟು ನೀರಿಗೆ ಎಷ್ಟು, ಅದನ್ನು ಬಿಲ್ಲಿನಲ್ಲಿ ಬರೆಯುತ್ತೀರಾ? ಎರಡನೇ ಸಲ ಎಂದು ಬರುತ್ತೀರಿ? "ಒಂದೇ ಸಲ, ಹರ್ಬಲ್, ವಾಸನೆ ಇಲ್ಲ, ಮಂಚ ಬಿಚ್ಚುವುದೇ ಬೇಡ" ಅಂದರೆ ಅಲ್ಲಿಗೆ ಫೋನ್ ಇಡಿ. ಒಳ್ಳೆಯವರು ಹೊಡೆಯುವುದು ಸಂದು, ಕೀಲು, ಬಿರುಕಿಗೆ. ಕೋಣೆ ತುಂಬ ಮಂಜು ಹಾರಿಸುವವರು ತಿಗಣೆಯನ್ನು ಪಕ್ಕದ ಮನೆಗೆ ಸಾಗಿಸುತ್ತಾರೆ ಅಷ್ಟೇ. ಹೊಡೆಯುವಾಗ ಮಕ್ಕಳು, ಬಸುರಿಯರು, ಉಬ್ಬಸದವರು, ಸಾಕುಪ್ರಾಣಿ ಎಲ್ಲರೂ ಮನೆಯಿಂದ ಹೊರಗೆ. ಮೀನಿನ ತೊಟ್ಟಿಯನ್ನು ಬೇರೆಡೆ ಸಾಗಿಸಿ. ಲೇಬಲ್ಲಿನಲ್ಲಿ ಬರೆದಷ್ಟು ಹೊತ್ತು ಕಳೆದು, ಕಿಟಕಿ ತೆರೆದು ಗಾಳಿಯಾಡಿದ ಮೇಲೆಯೇ ಒಳಗೆ ಬರಬೇಕು. "ಅರ್ಧ ಗಂಟೆ ಸಾಕು ಬಿಡಿ ಸಾರ್" ಎಂಬ ಮಾತಿಗೆ ಮರುಳಾಗಬೇಡಿ. ಆಮೇಲೆ ಹೊಡೆದ ಅಂಚುಗಳನ್ನು ಎರಡು ವಾರ ಒರೆಸದೆ ಬಿಡಿ.

ಪಿಜಿ ಮತ್ತು ಅಪಾರ್ಟ್‌ಮೆಂಟಿನಲ್ಲಿ ಒಂದೇ ಕೋಣೆಗೆ ಔಷಧ ಹೊಡೆಸುವುದು ದುಡ್ಡು ದಂಡ. ಎಡ, ಬಲ, ಮೇಲೆ, ಕೆಳಗಿನ ಕೋಣೆಗಳನ್ನು ಅದೇ ದಿನ ನೋಡಿಸಬೇಕು. ನಾಚಿಕೆಯಿಂದ ಮುಚ್ಚಿಡುವವರು ಬಹಳ. ತಿಗಣೆಗೂ ಕೊಳಕಿಗೂ ಸಂಬಂಧವಿಲ್ಲ. ಸ್ಲೀಪರ್ ಬಸ್ಸು, ಲಾಡ್ಜ್, ಸೆಕೆಂಡ್ ಹ್ಯಾಂಡ್ ಸೋಫಾ, ನೆಂಟರ ಸೂಟ್‌ಕೇಸ್ ಯಾವುದರಿಂದಲೂ ಬರುತ್ತದೆ. ಪಕ್ಕದ ರೂಮಿನವರಿಗೆ ಟೇಪಿನ ಹಾಳೆ ತೋರಿಸಿ ಮಾತಾಡಿ.

ಕಡಿತಕ್ಕೆ ತಣ್ಣೀರು, ಕ್ಯಾಲಮೈನ್ ಲೋಷನ್ ಸಾಕಾಗುತ್ತದೆ. ತಿಗಣೆಯಿಂದ ಮನುಷ್ಯರಿಗೆ ರೋಗ ದಾಟುವುದು ಸಾಬೀತಾಗಿಲ್ಲ. ಕೆರೆದು ಹುಣ್ಣಾಗಿ ಕೀವು ಕಂಡರೆ ಮಾತ್ರ ಡಾಕ್ಟರ ಹತ್ತಿರ ಹೋಗಿ.

ಎರಡನೇ ಸುತ್ತು, ಮೂರನೇ ಸುತ್ತು

ಮೊದಲ ದಿನಕ್ಕೆ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿ. ಅಲ್ಲಿಂದ ಹನ್ನೆರಡನೇ ದಿನ ಎರಡನೇ ಸಲ, ಇಪ್ಪತ್ತನಾಲ್ಕನೇ ದಿನ ಮೂರನೇ ಸಲ. ಮೊದಲ ದಿನ ಉಳಿದಿದ್ದ ಮೊಟ್ಟೆಗಳೆಲ್ಲ ಹನ್ನೆರಡರೊಳಗೆ ಒಡೆದಿರುತ್ತವೆ, ಮರಿಗಳಿಗೆ ಮೊಟ್ಟೆ ಇಡುವ ವಯಸ್ಸು ಇನ್ನೂ ಬಂದಿರುವುದಿಲ್ಲ. ಈ ಅವಧಿ ತಪ್ಪಿಸಿಕೊಂಡು ನಲವತ್ತನೇ ದಿನ ಮಾಡಿದರೆ ಕೆಲಸ ಮತ್ತೆ ಮೊದಲಿನಿಂದ. ಎರಡನೇ ಸುತ್ತಿನಲ್ಲಿ ಮಂಚ ಮತ್ತೆ ಬಿಚ್ಚಬೇಕು. ಚೀಲದಲ್ಲಿಟ್ಟ ಬಟ್ಟೆಗಳನ್ನು ಮತ್ತೆ ಒಗೆಯಬೇಕಿಲ್ಲ, ಬಾಯಿ ಕಟ್ಟಿಯೇ ಇರಲಿ. ದಿನಬಳಕೆಗೆ ಬೇಕಾದ್ದು ಮಾತ್ರ ಹೊರಗೆ. ಹಾಸುವ ಚಾದರ ವಾರಕ್ಕೊಮ್ಮೆ ಕುದಿನೀರಿಗೆ ಬೀಳಬೇಕು.

ಬಟ್ಟಲಿನ ಲೆಕ್ಕ ಹೇಗಿರುತ್ತದೆಂದರೆ, ಮೊದಲ ವಾರ ಬಲಿತವು ಬೀಳುತ್ತವೆ, ಎರಡನೇ ವಾರ ಸಣ್ಣ ಮರಿಗಳು, ಮೂರನೇ ವಾರದಿಂದ ಇಳಿಮುಖ. ನಾಲ್ಕನೇ ವಾರದಲ್ಲೂ ಬಲಿತ ತಿಗಣೆ ಬೀಳುತ್ತಿದ್ದರೆ ಎಲ್ಲೋ ಒಂದು ಗೂಡು ತಪ್ಪಿಹೋಗಿದೆ. ಸಾಮಾನ್ಯವಾಗಿ ಅದು ಸೋಫಾದ ಅಡಿಯ ತೆಳು ಬಟ್ಟೆಯ ಒಳಗೆ, ಮಂಚಕ್ಕೆ ತಾಗಿದ ಬೀರುವಿನ ಹಿಂದೆ, ಇಲ್ಲವೇ ದಿನಾ ಹೊತ್ತು ತರುವ ಆಫೀಸ್ ಬ್ಯಾಗಿನ ಹೊಲಿಗೆಯಲ್ಲಿ ಇರುತ್ತದೆ. ಮೂರನ್ನೂ ನೋಡಿ.

ಕಡಿತ, ಹೊಸ ಕಪ್ಪು ಚುಕ್ಕೆ, ಬಟ್ಟಲಿನಲ್ಲಿ ತಿಗಣೆ ಈ ಮೂರೂ ಇಲ್ಲದೆ ಪೂರಾ ನಾಲ್ಕು ವಾರ ಕಳೆದ ಮೇಲೆ ಬಟ್ಟಲು ತೆಗೆಯಬಹುದು. ಹಳೆ ಚುಕ್ಕೆಗಳನ್ನು ಮೊದಲ ದಿನವೇ ಸೋಪು ಹಾಕಿ ಉಜ್ಜಿ ತೆಗೆದಿದ್ದರೆ ಹೊಸದು ಯಾವುದೆಂದು ಗೊತ್ತಾಗುತ್ತದೆ. ಅದನ್ನು ಮರೆತವರು ಎಂಟನೇ ವಾರದಲ್ಲಿ ಹಳೆ ಕಲೆ ನೋಡಿ ಬೆಚ್ಚಿಬೀಳುತ್ತಾರೆ. ಹಾಸಿಗೆಯ ಜಿಪ್ ಕವರ್ ಮಾತ್ರ ವರ್ಷ ತುಂಬುವವರೆಗೆ ಹಾಗೇ ಇರಲಿ, ತೆಗೆಯುವ ತಾರೀಖನ್ನು ಅದರ ಮೇಲೇ ಬರೆದಿಡಿ.